‘ಪರಮಾಣುಗಳಿಂದ ಚಿತ್ತಾರಗಳಿಗೆ’: ಒಂದು ಪ್ರದರ್ಶನದ ವಿಮರ್ಶೆ

ಸ್ಫಟಿಕಶಾಸ್ತ್ರದ ಚರಿತ್ರೆಯನ್ನು ಜನಸಾಮಾನ್ಯರ ಕಣ್ಣೆದುರಿಗೆ ತರಲೆಳಸಿದ ಪ್ರದರ್ಶನಗಳಲ್ಲಿ, ೨೦೦೮ರಲ್ಲಿ ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ನಿನಲ್ಲಿ ನಡೆದ ‘ಫ್ರಮ್ ಆಟಮ್ಸ್ ಟು ಪ್ಯಾಟರ್ನ್ಸ್’, ಎಂದರೆ ‘ಪರಮಾಣುಗಳಿಂದ ಚಿತ್ತಾರಗಳಿಗೆ’, ವಿಚಾರಾರ್ಹವಾದುದು. ಅದರ ವಸ್ತು ೧೯೫೧ರ ಬ್ರಿಟನ್ ಮಹೋತ್ಸವಕ್ಕೆ ಸಂಬಂಧಿಸಿದುದು. ಸ್ಫಟಿಕಗಳ ಒಳರಚನೆಯ ನಕ್ಷೆಗಳನ್ನೇ ಮಾದರಿಯಾಗಿಟ್ಟುಕೊಂಡು ೨೮ ಮಂದಿ ತಯಾರಕರು ಆ ಮಹೋತ್ಸವಕ್ಕಾಗಿ ಬಟ್ಟೆ, ಗೋಡೆಕಾಗದ, ಪಿಂಗಾಣಿ ಮೊದಲಾದುವನ್ನು ಸಿದ್ಧಪಡಿಸಿದರು. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿದ್ದ ರೆಗಾಟ ಭೋಜನಶಾಲೆ ಇವುಗಳಿಂದ ಅಲಂಕೃತವಾಗಿತ್ತು. ಕಾರ್ಯವನ್ನು ಸಂಘಟಿಸಿದವರು ಮಾರ್ಕ್ ಹಾರ್ಟ್‌ಲೆಂಡ್ ಥಾಮಸ್. ಶಾಸ್ತ್ರವಿಷಯದಲ್ಲಿ ಸಲಹೆಯಿತ್ತವರು ಕೇಂಬ್ರಿಜ್ಜಿನ ವಿದುಷಿ ಹೆಲೆನ್ ಮೆಗಾ.

ಅಂಗಡಿಯ ಸರಕೆಂದು ಮರೆತುಹೋಗಬಹುದಾಗಿದ್ದ ಈ ವಸ್ತುಗಳನ್ನು ಶಾಸ್ತ್ರಚರಿತ್ರೆಯ ಸಾಕ್ಷ್ಯಗಳೆಂದು ಎತ್ತಿಹಿಡಿದುದು ಪ್ರದರ್ಶನದ ಹಿರಿಮೆ. ಆದರೆ ಅದರ ಹೆಸರನ್ನು ಹಾಗೆಯೇ ಒಪ್ಪಲಾಗದು. ಪರಮಾಣು ಮೊದಲು, ಚಿತ್ತಾರ ಅನಂತರ ಎಂಬ ಕ್ರಮವನ್ನು ಆ ಹೆಸರು ಸೂಚಿಸುತ್ತದೆ. ಚರಿತ್ರೆ ಎಲ್ಲೆಡೆಯೂ ಹಾಗೆ ನಡೆಯಲಿಲ್ಲ.

ಕಾರಣವು ಶಾಸ್ತ್ರದ ಪದ್ಧತಿಯಲ್ಲಿಯೇ ಇದೆ. ಕ್ಷ-ಕಿರಣಗಳು ಸ್ಫಟಿಕದಿಂದ ಹೊರಟು ಫಲಕದ ಮೇಲೆ ಬಿಡುವ ಚುಕ್ಕೆಗಳಲ್ಲಿ ಅವುಗಳ ಸ್ಥಾನವೂ ತೀವ್ರತೆಯೂ ದೊರೆಯುತ್ತವೆ. ಒಂದು ಅಲೆಗೂ ಮತ್ತೊಂದು ಅಲೆಗೂ ಇದ್ದ ಹಿಂದುಮುಂದಿನ ಸಂಬಂಧ ಮಾತ್ರ ಅಳಿಸಿಹೋಗಿರುತ್ತದೆ. ಅದಿಲ್ಲದೆ ಪರಮಾಣುಗಳ ನೆಲೆ ನೇರವಾಗಿ ತಿಳಿಯದು. ತೀವ್ರತೆಯೊಂದರಿಂದಲೇ ನಕ್ಷೆ ಬರೆಯುವ ಮಾರ್ಗವನ್ನು ೧೯೩೪ರಲ್ಲಿ ಪ್ಯಾಟರ್‌ಸನ್ ತೋರಿಸಿಕೊಟ್ಟರು. ಆದರೆ ಆ ನಕ್ಷೆಯ ದಿಬ್ಬಗಳು ಪರಮಾಣುಗಳಲ್ಲ. ಎರಡೆರಡು ಪರಮಾಣುಗಳ ನಡುವಣ ದೂರ ಮತ್ತು ದಿಕ್ಕು. ಹತ್ತು ಪರಮಾಣುಗಳಿದ್ದರೆ ಅಂಥ ಸಂಬಂಧಗಳು ೯೦. ನೂರಾರು ಇದ್ದಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ.

ಅಫ್ವಿಲೈಟ್ ಎಂಬ ಖನಿಜದ ರಚನೆಯನ್ನು ಮೆಗಾ ಅವರೇ ಬಿಡಿಸಿದ್ದರು. ಅದನ್ನು ಆಧರಿಸಿ ಮೇರಿಯನ್ ಸ್ಟ್ರೌಬ್ ರಚಿಸಿದ ‘ಸರ್ರೆ’ ಎಂಬ ಪರದೆಯ ಬಟ್ಟೆಗೆ ಪ್ರದರ್ಶನದ ಹೆಸರು ಸಲ್ಲುತ್ತದೆ. ಇನ್ಸುಲಿನ್ ಮತ್ತು ಹೀಮೊಗ್ಲೋಬಿನ್‌ಗಳ ಮಾತು ಬೇರೆ. ೧೯೫೧ರಲ್ಲಿ ಅವುಗಳ ಪರಮಾಣುಗಳ ನೆಲೆಯನ್ನು ಯಾರೂ ಅರಿತಿರಲಿಲ್ಲ. ಹೀಮೊಗ್ಲೋಬಿನ್ನಿನ ಸ್ಥೂಲರೂಪ ಪೆರುಟ್ಸ್ ಅವರಿಗೆ ಗೋಚರಿಸಿದ್ದು ೧೯೫೯ರಲ್ಲಿ. ೧೯೩೦ರ ದಶಕದಲ್ಲಿಯೇ ಇನ್ಸುಲಿನ್ನಿನ ಬೆನ್ನುಹತ್ತಿದ್ದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ ಅದರ ರಚನೆ ಒಲಿದದ್ದು ೧೯೬೯ರಲ್ಲಿ. ಎಂದಮೇಲೆ, ಗೋಡೆಕಾಗದದ ಮೇಲೆ ಅಚ್ಚಾದುದು ಉತ್ತರವಲ್ಲ, ಇನ್ನೂ ಬಿಡಿಸದ ಒಗಟು.

ಓಲೆಗರಿಯಲ್ಲಿ ಅಕ್ಷರಗಳು ಲುಪ್ತವಾಗಿರುವೆಡೆಯನ್ನು ಗ್ರಂಥಸಂಪಾದಕನು ಗುರುತಿಟ್ಟು ತೋರಿಸುತ್ತಾನೆ. ನಿಶ್ಚಿತಪಾಠವನ್ನೂ ತ್ರುಟಿತಪಾಠವನ್ನೂ ಒಂದೇ ಎಂಬಂತೆ ಅಚ್ಚುಹಾಕುವುದು ಸಂಪಾದನಧರ್ಮಕ್ಕೆ ಸಲ್ಲದು. ಪ್ರದರ್ಶಕನಿಗೂ ಇದೇ ಧರ್ಮ. ಎರಡು ಬಗೆಯ ಚಿತ್ತಾರಗಳನ್ನೂ ಒಂದೇ ಹೆಸರಿನಡಿ ತಂದಾಗ ಕಣ್ಣಿಗೆ ಸೊಗಸು ಉಳಿಯುತ್ತದೆ, ಹಾಡ್ಜ್‌ಕಿನ್ ಅವರ ಮೂರು ದಶಕಗಳ ಕಾಯುವಿಕೆ ಮರೆಯಾಗುತ್ತದೆ. ಶಾಸ್ತ್ರಜ್ಞರು ತಮಗೆ ಅರ್ಥವಾಗದ ನಕ್ಷೆಯನ್ನೂ ಅಳುಕದೆ ಜನರ ಮನೆಯ ಗೋಡೆಗೆ ಒಪ್ಪಿಸಿದರೆಂಬುದೇ ಆ ಮಹೋತ್ಸವದ ನಿಜವಾದ ಸ್ವಾರಸ್ಯ. ಆ ಸ್ವಾರಸ್ಯವನ್ನು ಸಾರುವ ಹೆಸರೊಂದು ಈ ಪ್ರದರ್ಶನಕ್ಕೆ ಇನ್ನಷ್ಟು ಒಪ್ಪುತ್ತಿತ್ತು.