ಮುಳಬಾಗಿಲ ಕಾಳಗವೂ ವಿಲ್ಕ್ಸನ ಯುದ್ಧಕಥನವೂ

ಕರ್ನಲ್ ಮಾರ್ಕ್ ವಿಲ್ಕ್ಸನು ೧೮೧೦ರಿಂದ ೧೮೧೭ರ ವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಇತಿಹಾಸಗ್ರಂಥವು ಹೈದರಾಲಿಯ ಕಾಲದ ಸಂಗತಿಗಳಿಗೆ ಪ್ರಮಾಣವೆಂದು ಬಹುಕಾಲದಿಂದ ಪರಿಗಣಿತವಾಗಿದೆ. ಅದನ್ನು ಕಥನದೃಷ್ಟಿಯಿಂದ ಪರೀಕ್ಷಿಸುವುದೂ ಅವಶ್ಯಕವು. ೧೭೬೮ರ ಕೋಲಾರಪ್ರಾಂತದ ದಂಡಯಾತ್ರೆಯ ಭಾಗವು ಅಂಥ ಪರೀಕ್ಷೆಗೆ ತಕ್ಕುದಾಗಿದೆ.

ಆ ವರ್ಷದ ಜೂನ್ ತಿಂಗಳಲ್ಲಿ ಮುಳಬಾಗಿಲು, ಕೋಲಾರಗಳು ಕಂಪೆನಿಯವರ ವಶವಾದುವು. ಆಗಸ್ಟಿನಲ್ಲಿ ಗುತ್ತಿಯ ಮುರಾರಿರಾಯನು ಹೊಸಕೋಟೆಯಲ್ಲಿ ಅವರನ್ನು ಕೂಡಿಕೊಂಡನು. ಹೈದರನು ರಾತ್ರಿಕಾಲದಲ್ಲಿ ಮುರಾರಿರಾಯನ ಪಾಳೆಯದ ಮೇಲೆ ಬಿದ್ದಾಗ, ಗಾಯಗೊಂಡ ಆನೆಯೊಂದು ತನ್ನ ಸರಪಳಿಯನ್ನೇ ಸೊಂಡಿಲಿನಿಂದ ಬೀಸಿ ರಾವುತರನ್ನು ಹಿಮ್ಮೆಟ್ಟಿಸಿತೆಂದು ವಿಲ್ಕ್ಸನು ಹೇಳುವನು. ಕಥೆ ರಮ್ಯವಾಗಿದೆ, ಆದರೆ ಆ ಕತ್ತಲಲ್ಲಿ ನಿಂತು ನೋಡಿದವರಾರೋ!

ಇದಕ್ಕಿಂತ ವಿಚಾರಾರ್ಹವಾದುವು ಮುಂದಿನ ಎರಡು ಪ್ರಸಂಗಗಳು. ಸೆಪ್ಟೆಂಬರ್ ಮೊದಲಲ್ಲಿ ಕರ್ನಲ್ ವುಡ್ಡನು ಬಾರಾಮಹಲಿನಿಂದ ಬೂದಿಕೋಟೆಯ ದಾರಿಯಾಗಿ ಬರುತ್ತಿದ್ದನು. ಅವನನ್ನು ತಡೆಯಲು ಹೈದರನು ಹೊಂಚಿದ್ದನು. ಹೈದರನನ್ನು ಹಿಡಿಯಲು ಕರ್ನಲ್ ಸ್ಮಿತ್ತನು ಮಾಲೂರಿನ ಕಡೆಯಿಂದ ಸಾಗಿದನು. ಸ್ಮಿತ್ತನು ಸಮೀಪಿಸಿದ ವಾರ್ತೆಯನ್ನು ಕೇಳಿದೊಡನೆ ವುಡ್ಡನು ಗೌರವಾರ್ಥವಾಗಿ ತೋಪುಗಳನ್ನು ಹಾರಿಸಿದನು. ಆ ಸದ್ದೇ ಹೈದರನಿಗೆ ಎಚ್ಚರಿಕೆಯಾಯಿತು, ಅವನು ಜಾರಿಕೊಂಡನು.

ಒಂದು ತಿಂಗಳು ಕಳೆಯಿತು. ಹೈದರನು ಮತ್ತೆ ವಶಮಾಡಿಕೊಂಡಿದ್ದ ಮುಳಬಾಗಿಲ ಕೋಟೆಯನ್ನು ಏರಲು ಯತ್ನಿಸಿ ವಿಫಲನಾದ ವುಡ್ಡನು ಅಕ್ಟೋಬರ್ ೪ರಂದು ಹೈದರನ ಮಹಾಸೈನ್ಯಕ್ಕೆ ಸಿಕ್ಕಿಬಿದ್ದನು. ಸೋಲು ನಿಶ್ಚಿತವೆಂಬ ಸಮಯದಲ್ಲಿ, ಸಾಮಾನು ಕಾಯಲು ಹಿಂದುಳಿದಿದ್ದ ಕ್ಯಾಪ್ಟನ್ ಬ್ರೂಕನು ತಾನೇ ಗಾಯಗೊಂಡಿದ್ದರೂ ಎರಡು ತೋಪುಗಳನ್ನು ಸುತ್ತುದಾರಿಯಿಂದ ಬಂಡೆಯ ನೆತ್ತಿಗೆಳೆಸಿ, ರೋಗಿಗಳನ್ನೂ ಕೂಡಿಸಿಕೊಂಡು, ಗುಂಡು ಹಾರಿಸುತ್ತ ಸ್ಮಿತ್ತನ ಹೆಸರನ್ನು ಘೋಷಿಸಿದನು. ಹೈದರನ ಸೈನ್ಯ ಹಿಂಜರಿಯಿತು. ಸತ್ಯ ತಿಳಿಯುವಷ್ಟರಲ್ಲಿ ವುಡ್ಡನು ನೆಲೆ ಭದ್ರಪಡಿಸಿಕೊಂಡಿದ್ದನು.

ಆಲಂಕಾರಿಕರ ಭ್ರಾಂತಿಮಂತಕ್ಕೆ ಇದಕ್ಕಿಂತ ಹೊಂದುವ ಲೌಕಿಕ ಉದಾಹರಣೆ ಬೇಕಿಲ್ಲ. ಕಥೆ ಇಷ್ಟು ಅಂದವಾಗಿರುವುದರಿಂದಲೇ ಅದು ಕಲ್ಪಿತವೆಂದು ಶಂಕಿಸುವವರು ಇರಬಹುದು. ಎರಡು ಪ್ರಸಂಗಗಳನ್ನೂ ಒಟ್ಟಿಗೆ ಓದಿದರೆ ಆ ಶಂಕೆ ಸಡಿಲುವುದು. ಬೂದಿಕೋಟೆಯ ಬಳಿ ತೋಪಿನ ಸದ್ದೂ ಸ್ಮಿತ್ತನ ಆಗಮನವೂ ಒಂದೇ ಆಗಿದ್ದುವು. ಅದನ್ನು ಅನುಭವದಿಂದ ಬಲ್ಲವನು ಮುಳಬಾಗಿಲಲ್ಲಿ ಸದ್ದನ್ನೂ ಹೆಸರನ್ನೂ ಕೇಳಿ ಮೋಸಹೋದುದು ಸಹಜವು. ಮೊದಲನೆಯದರಲ್ಲಿ ಇಂಗ್ಲಿಷರ ಅವಿವೇಕವೇ ಎರಡನೆಯದರಲ್ಲಿ ಅವರ ರಕ್ಷೆಯಾಯಿತೆನ್ನಬಹುದು.

ನಮ್ಮ ಕಾವ್ಯಗಳ ಯುದ್ಧವರ್ಣನೆಯಲ್ಲಿ ನೆತ್ತರ ಹೊಳೆ, ಮುಂಡಗಳ ಕುಣಿತ, ಮರುಳುಗಳ ಕೂಟ ಇವು ಎಲ್ಲ ರಣಗಳಿಗೂ ಸಮಾನವು. ಅವನ್ನು ಕುರುಕ್ಷೇತ್ರದಿಂದ ಲಂಕೆಗೆ ಒಯ್ದರೂ ಪದ್ಯ ಕೆಡದು. ವಿಲ್ಕ್ಸನ ಈ ಕಾಳಗವನ್ನು ಮುಳಬಾಗಿಲ ಬಂಡೆಗಳಿಂದ ಕೀಳಲಾಗದು. ಬಂಡೆಯಿಲ್ಲದಿದ್ದರೆ ಬ್ರೂಕನ ಉಪಾಯವೂ ಇಲ್ಲ. ಇದೇ ಸ್ವಭಾವೋಕ್ತಿಯ ಬಲವು. ಇದನ್ನು ಕನ್ನಡಿಸುವವರು ವೀರರಸದ ಹೆಸರಿನಲ್ಲಿ ಸಮಾಸಗಳನ್ನು ಹೇರಿದರೆ ಮೂಲದ ಜೀವವೇ ಹೋಗುವುದು.

ದೋಷವೂ ಇಲ್ಲದಿಲ್ಲ. ಗ್ರಂಥಕರ್ತನು ಸೈನಿಕನು, ೧೮೦೩ರಿಂದ ೧೮೦೮ರ ವರೆಗೆ ಮೈಸೂರಿನ ರೆಸಿಡೆಂಟನು. ಅವನ ಕಣ್ಣು ದಂಡಿನ ಮೇಲೆಯೇ ನಿಂತಿದೆ. ಜೂನಿನಿಂದ ಅಕ್ಟೋಬರಿನ ವರೆಗೆ ಈ ಸೀಮೆಯಲ್ಲಿ ರಾಗಿಯ ಬೆಳೆಗಾಲ. ಅದೇ ಹೊಲಗಳ ಮೇಲೆ ಕುದುರೆಗಳೂ ತೋಪಿನ ಎತ್ತುಗಳೂ ನಾಲ್ಕು ತಿಂಗಳು ಹಾದುವು. ಒಕ್ಕಲಿಗನ ಮಾತು ಕಥನದಲ್ಲಿ ಕೇಳಿಬರುವುದಿಲ್ಲ. ಹೈದರನು ಹುಟ್ಟಿದುದು ಬೂದಿಕೋಟೆಯಲ್ಲಿ, ಅವನ ತಂದೆಯ ಗೋರಿಯಿರುವುದು ಕೋಲಾರದಲ್ಲಿ. ಪರಸ್ಥಳದವರು ಕಣಿವೆ ಹುಡುಕುತ್ತಿದ್ದಾಗ ಅವನು ತವರುನೆಲದಲ್ಲಿ ಸಂಚರಿಸುತ್ತಿದ್ದನೆಂಬುದನ್ನು ಇನ್ನಷ್ಟು ಒತ್ತಿ ಹೇಳಬೇಕಾಗಿತ್ತು. ಹೈದರನು ಮಡಿದ ಎರಡೇ ವರ್ಷಗಳಲ್ಲಿ, ೧೭೮೪ರಲ್ಲಿ, ಕನ್ನಡದಲ್ಲಿಯೇ ರಚಿತವಾದ ಹೈದರ್‌ನಾಮೆಯನ್ನು ವಿಲ್ಕ್ಸನ ಜೊತೆಗಿಟ್ಟು ಪಾಠಶಾಲೆಗಳಲ್ಲಿ ಓದಿಸತಕ್ಕುದು.