ವಿಲ್ಬರ್‌ನ ಬಾನಿ

ಇ. ಬಿ. ವೈಟ್ ಅವರ ಮಕ್ಕಳ ಕಾದಂಬರಿ ‘ಶಾರ್ಲಟ್ಸ್ ವೆಬ್’ (1952) ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಜೇಡ ಶಾರ್ಲಟ್. ಕ್ರಿಸ್‌ಮಸ್ ಹೊತ್ತಿಗೆ ಕತ್ತಿಗೆ ಬಲಿಯಾಗಬೇಕಿದ್ದ ಹಂದಿಯೊಂದನ್ನು, ತನ್ನ ಬಲೆಯಲ್ಲಿ ಹೊಗಳಿಕೆಯ ಪದಗಳನ್ನು ನೇಯ್ದು ಉಳಿಸಿದವಳು ಅವಳು. ಆ ಹಂದಿ ವಿಲ್ಬರ್ ಮಾತ್ರ ನನಗೆ ಬಹಳ ದಿನ ಪೆದ್ದನಂತೆಯೇ ಕಂಡಿದ್ದ. ಅಳುತ್ತಾನೆ, ಮೂರ್ಛೆ ಹೋಗುತ್ತಾನೆ, ಸಾಯಲಾರೆ ಎಂದು ಗೋಗರೆಯುತ್ತಾನೆ. ಸಾಧು ಪ್ರಾಣಿ, ನಿಜ. ಆದರೆ ಬೇರೆ ದಾರಿಯೇ ಇಲ್ಲದವನ ಸಾಧುತನಕ್ಕೆ ಏನು ಬೆಲೆ ಎಂಬುದು ನನ್ನ ತಕರಾರಾಗಿತ್ತು. ಈಚೆಗೆ ಮತ್ತೆ ಓದಿದಾಗ ಅದು ಸಡಿಲವಾಯಿತು, ಪೂರ್ತಿ ಹೋಗಲಿಲ್ಲ.

ಆ ಪದಗಳು ಎಲ್ಲಿಂದ ಬರುತ್ತವೆ ನೋಡಿ. ಇಲಿ ಟೆಂಪಲ್ಟನ್ ಕಸದ ರಾಶಿಯಿಂದ ಜಾಹೀರಾತಿನ ಚೂರುಗಳನ್ನು ಹೆಕ್ಕಿ ತರುತ್ತಾನೆ. ‘ಗರಿಗರಿ’ ಎಂಬರ್ಥದ ಪದವನ್ನು ಶಾರ್ಲಟ್ ಒಪ್ಪುವುದಿಲ್ಲ: ಅದನ್ನು ಓದಿದರೆ ಯಜಮಾನ ಜುಕರ್‌ಮನ್‌ಗೆ ಹುರಿದ ಹಂದಿಮಾಂಸ ನೆನಪಾದೀತು. ಸೋಪಿನ ಪುಡಿಯ ಡಬ್ಬಿಯ ಮೇಲಿದ್ದ, ‘ಕಾಂತಿಯುತ’ ಎಂಬರ್ಥದ ಪದ ಆಯ್ಕೆಯಾಗುತ್ತದೆ. ವಿಲ್ಬರ್‌ನನ್ನು ಓಡಿಸಿ, ಕುಣಿಸಿ, ಪದ ಹೊಂದುತ್ತದೆಯೇ ಎಂಬ ಪರೀಕ್ಷೆಯೂ ಆಗುತ್ತದೆ. ಅಷ್ಟೇನೂ ಹೊಂದುವುದಿಲ್ಲ, ಆದರೂ ನಡೆಯುತ್ತದೆ. ಜನ ಮೊದಲು ಪದ ಓದುತ್ತಾರೆ, ಆಮೇಲೆ ಹಂದಿಯನ್ನು ನೋಡುತ್ತಾರೆ. ವಿಶೇಷವಿರುವುದು ಜೇಡದಲ್ಲಲ್ಲವೇ ಎಂದು ಜುಕರ್‌ಮನ್‌ನ ಹೆಂಡತಿ ಸೂಚಿಸಿದರೂ ಗಂಡ ಕಿವಿಗೆ ಹಾಕಿಕೊಳ್ಳುವುದಿಲ್ಲ. (ಹೊಸ ಪುಸ್ತಕಗಳ ಬೆನ್ನುಡಿ ಓದುವಾಗ ನನಗೆ ಈ ಸೋಪಿನ ಡಬ್ಬಿ ಆಗಾಗ ನೆನಪಾಗುತ್ತದೆ.)

ಜಾತ್ರೆಯಲ್ಲಿ ನೇಯ್ದ ಕೊನೆಯ ಪದ ‘ಹಂಬಲ್’. ಶಾರ್ಲಟ್ ಅದಕ್ಕೆ ಎರಡು ಅರ್ಥ ಕೊಡುತ್ತಾಳೆ: ಗರ್ವವಿಲ್ಲದ್ದು, ನೆಲಕ್ಕೆ ಹತ್ತಿರವಾದದ್ದು. ಇದನ್ನು ಕನ್ನಡದಲ್ಲಿ ‘ವಿನಮ್ರ’ ಎಂದರೆ ಹಂದಿಗೆ ಶಾಲು ಹೊದಿಸಿದಂತಾಗುತ್ತದೆ. ನನಗೆ ಹೊಳೆದದ್ದು ‘ತಗ್ಗು’. ತಗ್ಗಿ ನಡೆಯುವುದೂ ಅದರಲ್ಲಿದೆ, ತಗ್ಗು ನೆಲವೂ ಇದೆ.

ವೈಟ್‌ಗೆ ಆ ನೆಲ ಗೊತ್ತಿತ್ತು. ಅಮೆರಿಕದ ಮೇಯ್ನ್ ರಾಜ್ಯದ ತಮ್ಮ ಜಮೀನಿನಲ್ಲಿ ಅವರು ಹಂದಿ ಸಾಕುತ್ತಿದ್ದರು, ಕೊಯ್ಯಲೆಂದೇ. ಒಮ್ಮೆ ಅಂಥದ್ದೊಂದು ಕಾಯಿಲೆ ಬಿತ್ತು. ಹಗಲೂ ರಾತ್ರಿ ಆರೈಕೆ ಮಾಡಿದರೂ ಉಳಿಯಲಿಲ್ಲ. ಆ ಸಾವಿನ ಬಗ್ಗೆ ಅವರು ಬರೆದ ಪ್ರಬಂಧ 1948ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬಂತು. ಕೊಲ್ಲಲು ಸಾಕಿದ್ದನ್ನೇ ಬದುಕಿಸಲು ಒದ್ದಾಡಿದವನ ಮುಜುಗರ ಕಾದಂಬರಿಯನ್ನೂ ಬಿಟ್ಟಿಲ್ಲ. ಇಲ್ಲಿ ಉಳಿಯುವುದು ಒಂದೇ ಹಂದಿ. ಜಾತ್ರೆಯಲ್ಲಿ ಮೊದಲ ಬಹುಮಾನ ಗೆದ್ದ ಪಕ್ಕದ ದೈತ್ಯ ಹಂದಿಯ ಗತಿಯನ್ನು ಪುಸ್ತಕ ಹೇಳುವುದಿಲ್ಲ. ನನ್ನ ತಕರಾರು ಉಳಿದಿರುವುದು ಈ ಮೌನದ ಮೇಲೆ.

ವಿಲ್ಬರ್ ನನಗೆ ಬೇರೆಯಾಗಿ ಕಂಡದ್ದು ಅವನಿಗೆ ವಿಶೇಷ ಬಹುಮಾನ ಸಿಕ್ಕ ಮೇಲೆ. ಅವನ ಜೀವಕ್ಕಿನ್ನು ಭಯವಿಲ್ಲ. ಶಾರ್ಲಟ್ ಜಾತ್ರೆಯ ಕೊಟ್ಟಿಗೆಯಲ್ಲೇ ಸಾಯುತ್ತಿದ್ದಾಳೆ. ಅವಳ 514 ಮೊಟ್ಟೆಗಳ ಚೀಲ ಮೇಲೆ ಚಾವಣಿಯಲ್ಲಿದೆ. ಇಳಿಸಿ ತರಬಲ್ಲವನು ಟೆಂಪಲ್ಟನ್ ಒಬ್ಬನೇ, ಅವನು ಬಿಟ್ಟಿ ಕೆಲಸ ಮಾಡುವವನಲ್ಲ. ಆಗ ವಿಲ್ಬರ್ ತನ್ನಲ್ಲಿರುವ ಒಂದೇ ಆಸ್ತಿಯನ್ನು ಮುಂದಿಡುತ್ತಾನೆ: ಇನ್ನು ಮೇಲೆ ಕಲಗಚ್ಚು ಸುರಿದಾಗಲೆಲ್ಲ ಬಾನಿಯಲ್ಲಿ ಮೊದಲ ಬಾಯಿ ಇಲಿಯದು. ಹೊಟ್ಟೆಯೇ ಲೋಕವಾಗಿದ್ದ ಪ್ರಾಣಿ ಆಡಿದ ಮಾತಿದು.

ಮೊಟ್ಟೆಚೀಲವನ್ನು ಅವನು ನಾಲಿಗೆಯ ಮೇಲಿಟ್ಟುಕೊಳ್ಳುತ್ತಾನೆ. ಬಾಯಿ ತುಂಬಿರುವುದರಿಂದ ಗೆಳತಿಗೆ ಹೋಗಿಬರುತ್ತೇನೆ ಎನ್ನಲೂ ಆಗುವುದಿಲ್ಲ. ಕಣ್ಣು ಮಿಟುಕಿಸುತ್ತಾನೆ, ಅಷ್ಟೆ. ಇಡೀ ಕಥೆ ನಡೆದದ್ದು ಪದಗಳ ಬಲದಿಂದ. ವಿಲ್ಬರ್‌ನ ಸಾಧುತನವನ್ನು ನಾನು ನಂಬಿದ್ದು ಅವನಿಗೆ ಮಾತೇ ಆಡಲಾಗದ ಈ ಗಳಿಗೆಯಲ್ಲಿ. ಕೊಟ್ಟ ಮಾತನ್ನು ಆಮೇಲೂ ಅವನು ಮುರಿಯುವುದಿಲ್ಲ. ಮರುವರ್ಷದ ವಸಂತದ ಹೊತ್ತಿಗೆ ಟೆಂಪಲ್ಟನ್ ಯಾವ ಇಲಿಯೂ ಆಗದಷ್ಟು ಕೊಬ್ಬಿರುತ್ತಾನೆ. ವಿಲ್ಬರ್ ಉಳಿದದ್ದನ್ನು ತಿನ್ನುತ್ತಾನೆ.