ಹೆಸರಿಲ್ಲದ ಕೆಂಪು ಶಾಯಿ

ರಕ್ಷಾಪುಟದಲ್ಲಿ ಇವರ ಹೆಸರಿರುವುದಿಲ್ಲ. ಬಹಳವೆಂದರೆ ಲೇಖಕರ ಮಾತಿನ ಕೊನೆಗೆ, ‘ಕರಡು ತಿದ್ದಿದ ಗೆಳೆಯರಿಗೆ’ ಎಂಬ ಅರ್ಧ ಸಾಲು. ಬೆಳಿಗ್ಗೆ ಪತ್ರಿಕೆಗೊಂದು ಲೇಖನ, ಮಧ್ಯಾಹ್ನ ಯಾರದೋ ಕಾದಂಬರಿ, ರಾತ್ರಿ ನಿವೃತ್ತ ಮೇಷ್ಟರೊಬ್ಬರ ಅಭಿನಂದನ ಗ್ರಂಥ. ತಿಂಗಳ ಸಂಬಳವಿಲ್ಲದ ಬರಹಗಾರ-ಸಂಪಾದಕರ ದಿನ ಹೀಗೆ ಕಳೆಯುತ್ತದೆ.

ಇವರ ಕೈಗುಣ ಕಾಣುವುದು ಸಣ್ಣ ಜಾಗಗಳಲ್ಲಿ. ‘ಸಭೆಯನ್ನು ಏರ್ಪಡಿಸಲಾಗಿತ್ತು’ ಎಂಬುದು ‘ಸಭೆ ನಡೆಯಿತು’ ಆಗುತ್ತದೆ, ಸಾಲು ಹಗುರಾಗುತ್ತದೆ. ‘ಹಾರ್ದಿಕ ಸ್ವಾಗತ’ವು ‘ಆರ್ಥಿಕ ಸ್ವಾಗತ’ವಾಗಿದ್ದರೆ ನಗು ತಡೆದುಕೊಂಡು ತಿದ್ದಬೇಕು. ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚಾದದ್ದು ಯೂನಿಕೋಡ್‌ಗೆ ಬರುವಾಗ ಒತ್ತಕ್ಷರ, ಅರ್ಕಾವತ್ತುಗಳು ದಾರಿ ತಪ್ಪುತ್ತವೆ, ‘ಫೇಸ್‌ಬುಕ್’ ‘ಫೇಸ್ಬುಕ್’ ಆಗಿ ಕೂತಿರುತ್ತದೆ. ಇದೆಲ್ಲ ಕಣ್ಣಿನ ಕೆಲಸ. ಕಿವಿಯ ಕೆಲಸ ಬೇರೆ: ಮಂಗಳೂರಿನವರ ‘ಉಂಟು’ ಎಂಬುದನ್ನು ‘ಇದೆ’ ಮಾಡದೆ ಬಿಡುವುದು. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ಸಂಯಮವೇ.

ಈ ದುಡಿಮೆಗೆ ಕನ್ನಡದಲ್ಲಿ ಹಿರೀಕರಿದ್ದಾರೆ. ಗಳಗನಾಥರು (1869–1942) ಮಾಸ್ತರಿಕೆ ಬಿಟ್ಟು ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು.

ಇಂದಿನವರಿಗೆ ಗಂಟು ಹೊರುವ ಕಷ್ಟವಿಲ್ಲ. ಆದರೆ ಸಂಭಾವನೆಗಾಗಿ ಮೂರನೇ ಸಲ ಫೋನ್ ಮಾಡುತ್ತಾರೆ. ಆ ಕಡೆಯಿಂದ ಉತ್ತರ: ‘ಬಿಡುಗಡೆ ಸಮಾರಂಭ ಒಂದು ಮುಗೀಲಿ ಸಾರ್, ಕೊಟ್ಬಿಡೋಣ.’